ಸೋಪಿಗೆ ಹೋದ ಎಣ್ಣೆ

ಒಂದು ಊರು ಅಂತ ಇಟ್ಟುಕೊಳ್ಳಿ. ಊರಿಗೊಂದು ಬಸ್‌ಸ್ಟ್ಯಾಂಡು ಅಂತ ಇಟ್ಟುಕೊಳ್ಳಿ. ಬಸ್‌ಸ್ಟ್ಯಾಂಡಿನ ಮೂಲೆಗೊಂದು ಮಿರ್ಚಿ ಗಾಡಿ. ಅದನ್ನು ಮಾತ್ರ ಇಟ್ಟುಕೊಳ್ಳಿ ಅಂತ ನಾನು ಹೇಳಬೇಕಿಲ್ಲ. ನಮ್ಮ ದಾವಣಗೆರೆ ಸೀಮೆಯಲ್ಲಿ ಮೊದಲು ಮಿರ್ಚಿ ಗಾಡಿ ಬಂದಿರುತ್ತೆ, ಆಮೇಲೆ ಅದರ ಮುಂದೆ ಬಸ್ಸು ನಿಲ್ಲೋಕೆ ಶುರುವಾಗಿರುತ್ತೆ.

ಗಾಡಿ ಹಾಲವ್ವನದು. ಹಾಲವ್ವನಿಗೆ ಗಂಡ ಇಲ್ಲ, ಹೊಲ ಇಲ್ಲ. ಇರುವುದು ಎರಡೇ. ಗಾಡಿ ನಿಲ್ಲಿಸೋಕೆ ಆ ಮೂಲೆ, ಮತ್ತೆ ಒಬ್ಬ ಮಗ. ಮಗನ ಹೆಸರು ತಿಪ್ಪೇಶಿ. ವಯಸ್ಸು ಇಪ್ಪತ್ತಾರು, ಮೀಸೆ ದಪ್ಪ, ಮೈಯಲ್ಲಿ ಎತ್ತಿನ ಬಲ. ಸೋಮಾರಿ ಅಲ್ಲ, ಸುಳ್ಳ ಅಲ್ಲ, ಎದುರಾಡುವವನೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೊಂದೇ ಅವನ ಕಾಯಿಲೆ. ನೀವೂ ನಾನೂ ಹೇಳಿದ್ದರಲ್ಲಿ ಅರ್ಧ ಮಾಡಿ ಅರ್ಧ ಬಿಡುತ್ತೇವೆ, ಅದಕ್ಕೇ ಲೋಕ ನಡೆಯುತ್ತಿದೆ. ಅವನು ಬಿಡುತ್ತಿರಲಿಲ್ಲ.

"ಹೊಟ್ಟೇಲಿ ಹುಟ್ಟಿದ ಮಗನೋ, ಹೊಟ್ಟೆ ಉರಿಸೋಕೆ ಹುಟ್ಟಿದ ಮಗನೋ" ಅಂತ ಹಾಲವ್ವ ದಿನಕ್ಕೆರಡು ಸಲ ಅನ್ನುವಳು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ.

ಒಂದು ದಿನ ಊರಿನ ಹೆಲ್ತ್ ಇನ್ಸ್‌ಪೆಕ್ಟರ್ ರೇವಣಸಿದ್ದಪ್ಪನವರು ಕೈಯಲ್ಲೊಂದು ಕೋಲು ಹಿಡಿದು ಗಾಡಿ ಹತ್ತಿರ ಬಂದರು. ತಿಪ್ಪೇಶಿ ಆಗ ಹಿಟ್ಟಿನ ಗಿರಣಿಗೆ ಹೋಗಿದ್ದ.

"ಹಾಲವ್ವಾ, ಇಲ್ಲಿ ಬಾ. ಏನಿದು?"

"ಚರಂಡಿ ಸಾಹೇಬ್ರೆ."

"ಚರಂಡಿ ಅಂತ ನಂಗೂ ಗೊತ್ತು. ಹರೀತಾ ಇದೆಯಾ?"

"ಇಲ್ಲ ಸಾಹೇಬ್ರೆ."

ಅವರು ಕೋಲನ್ನು ಚರಂಡಿಗೆ ಚುಚ್ಚಿ ಕೈ ಬಿಟ್ಟರು. ಕೋಲು ಬೀಳಲಿಲ್ಲ. ನೆಟ್ಟ ಗಿಡದ ಹಾಗೆ ನಿಂತೇ ಇತ್ತು.

"ಮೂರು ವರ್ಷದಿಂದ ಕರಿದ ಎಣ್ಣೇನೆಲ್ಲ ಇದಕ್ಕೇ ಸುರೀತಿದೀಯ. ಇನ್ನೊಂದು ತೊಟ್ಟು ಬಿತ್ತೋ, ಗಾಡಿ ಎತ್ತಿಸ್ತೀನಿ."

"ಸುರಿಯಲ್ಲ ಬಿಡ್ರಿ. ಅದರಾಗೇ ಮತ್ತೆ ಕರೀತೀನಿ."

"ಅದರಲ್ಲೇ ಕರಿದ್ರೆ ಅದಕ್ಕೂ ಎತ್ತಿಸ್ತೀನಿ. ಜನ ತಿನ್ನೋದು ಅದು."

"ಸುರಿಯಂಗಿಲ್ಲ, ಕರಿಯಂಗಿಲ್ಲ. ಏನ್ಮಾಡ್ಲಿ ಹಂಗಾದ್ರೆ, ಕುಡೀಲಾ?"

ಅಲ್ಲೇ ಕಲ್ಲುಬೆಂಚಿನ ಮೇಲೆ ಮಿರ್ಚಿ ತಿನ್ನುತ್ತಾ ಬಸ್ಸಿಗೆ ಕಾಯುತ್ತಿದ್ದವರು ವಿಶಾಲಾಕ್ಷಿ ಟೀಚರು. ಹೆಣ್ಣುಮಕ್ಕಳ ಹೈಸ್ಕೂಲಲ್ಲಿ ಸೈನ್ಸ್ ಹೇಳಿಕೊಟ್ಟು ರಿಟೈರ್ ಆದವರು. ಕನ್ನಡಕ ಸರಿ ಮಾಡಿಕೊಂಡು ಅಂದರು, "ಸೋಪು ಮಾಡಮ್ಮ. ಹಳೇ ಎಣ್ಣೇಲಿ ಒಳ್ಳೇ ಸೋಪಾಗುತ್ತೆ. ನಾನು ಹೇಳಿಕೊಡ್ತೀನಿ. ಕಲ್ಮಠದ ಬೀದೀಲೇ ಇರೋದು ನಾನು."

ರೇವಣಸಿದ್ದಪ್ಪನವರು ನಕ್ಕರು. "ಆಗಲಿ. ಒಂದೂವರೆ ತಿಂಗಳು ಬಿಟ್ಟು ಬರ್ತೀನಿ. ನಿನ್ನ ಸೋಪಲ್ಲಿ ನಾನೇ ಕೈ ತೊಳೀತೀನಿ. ಜಿಡ್ಡು ಹೋಯ್ತೋ, ಗಾಡಿ ಇಲ್ಲೇ ಇರಲಿ. ಹೋಗಲಿಲ್ಲವೋ, ಗಾಡಿ ದನದ ಸಂತೆ ಮೈದಾನಕ್ಕೆ."

ದನದ ಸಂತೆ ಮೈದಾನದಲ್ಲಿ ವಾರಕ್ಕೊಂದು ದಿನ ಜನ, ಉಳಿದ ಆರು ದಿನ ಕಾಗೆ. ಕಾಗೆಗೆ ಮಿರ್ಚಿ ಮಾರಿ ಯಾರು ಬದುಕಿದ್ದಾರೆ? ಹಾಲವ್ವ ಅವತ್ತೇ ಸೊಂಟ ಕಟ್ಟಿದಳು. ಮೊದಲು ಎಣ್ಣೆ ಸೋಸಬೇಕು. ಬಜ್ಜಿ ಎಣ್ಣೆ ಅಂದರೆ ನಿಮಗೆ ಗೊತ್ತಲ್ಲ, ತಳದಲ್ಲಿ ಹಿಟ್ಟಿನ ಕರಕಲು, ಮೆಣಸಿನಕಾಯಿ ಬೀಜ.

"ಲೇ ತಿಪ್ಪೇಶಿ, ಹಿತ್ತಲಾಗೆ ಹಳೇ ಎಣ್ಣೆ ಡಬ್ಬ ಐತೆ. ಈ ಬಿಳೀ ಬಟ್ಟೇಲಿ ಚೆನ್ನಾಗಿ ಸೋಸಿ ತಗಂಡು ಬಾ."

"ಆಯ್ತವ್ವಾ."

ಹೋದ. ಅರ್ಧ ಗಂಟೆ ಸೋಸಿದ. ಬೆವರು ಒರೆಸಿಕೊಂಡು ಬಂದ. ಎರಡು ಕೈಯಲ್ಲೂ ಬಟ್ಟೆಯ ಗಂಟು ಹಿಡಿದಿದ್ದ.

"ತಂದೆ ಕಣವ್ವಾ. ಒಂದು ಚೂರೂ ಬಿಟ್ಟಿಲ್ಲ."

ಹಾಲವ್ವ ಗಂಟು ಬಿಚ್ಚಿದಳು. ಕರಕಲು. ಬೀಜ. ಒಂದು ಸತ್ತ ಜಿರಲೆ.

"ಎಣ್ಣೆ ಎಲ್ಲಿ?"

"ಎಣ್ಣೆ ಸೋಸಿದೆ."

"ಸೋಸಿದ ಎಣ್ಣೆ ಎಲ್ಲಿ?"

"ಸೋಸಿದಾಗ ಹೋಯ್ತು. ಕರಿಬೇವಿನ ಗಿಡದ ಬುಡಕ್ಕೆ."

ಆ ಗಿಡ ಒಂದು ವಾರ ಎಣ್ಣೆ ಹಚ್ಚಿ ಬಾಚಿಕೊಂಡ ಹಾಗೆ ಮಿನುಗಿತು, ಆಮೇಲೆ ಒಣಗಿತು. ಅದು ಬೇರೆ ಮಾತು.

"ಹೊಟ್ಟೆ ಉರಿಸೋಕೆ ಹುಟ್ಟಿದವನೇ. ಬಟ್ಟೆ ಮೇಲೆ ಉಳಿದದ್ದು ಕಸ ಕಣೋ. ಮೇಲೆ ಉಳಿದದ್ದನ್ನ ಚೆಲ್ಲಬೇಕು, ಕೆಳಗೆ ಇಳಿದದ್ದನ್ನ ಇಟ್ಕಬೇಕು. ತಿಳೀತಾ?"

"ತಿಳೀತವ್ವಾ. ಮೇಲಿದ್ದದ್ದು ಚೆಲ್ಲೋದು, ಕೆಳಗಿದ್ದದ್ದು ಇಟ್ಕಣದು. ಇನ್ಮೇಲೆ ಹಂಗೇ ಮಾಡ್ತೀನಿ."

ಎಣ್ಣೆ ಹೋಯಿತು. ಆದರೂ ಊರಲ್ಲಿ ಕರಿದ ಎಣ್ಣೆಗೇನು ಬರ? ಹಾಲವ್ವ ಕೊಟ್ರಪ್ಪನ ಹೋಟೆಲಿಗೆ ಹೋಗಿ, ಅವನ ಹಳೇ ಎಣ್ಣೆಯನ್ನು ಅವನದೇ ಡಬ್ಬದಲ್ಲಿ ಕೇಳಿ ತಂದಳು. ಈ ಸಲ ತಾನೇ ಸೋಸಿದಳು. ಸೋಸುತ್ತಾ ಇರುವಾಗ ಮಂಡಕ್ಕಿ ಭಟ್ಟಿಯಿಂದ ಚೀಲ ಬಂತು.

ಮಂಡಕ್ಕಿಯನ್ನು ಮರಳಲ್ಲಿ ಹುರಿಯುತ್ತಾರೆ, ಅದು ನಿಮಗೆ ಗೊತ್ತು. ಹಂಗಾಗಿ ಗಿರಾಕಿಗೆ ಕೊಡುವ ಮುಂಚೆ ಒಂದು ಸಲ ಜರಡಿ ಹಿಡಿಯಬೇಕು, ಇಲ್ಲದಿದ್ದರೆ ಹಲ್ಲಲ್ಲಿ ಕರಕರ.

"ತಿಪ್ಪೇಶಿ, ಮಂಡಕ್ಕಿ ಜರಡಿ ಹಿಡಿದು ಡಬ್ಬಕ್ಕೆ ತುಂಬಿಸಲೇ. ನಾ ಇಲ್ಲಿ ಕೈಬಿಡಂಗಿಲ್ಲ."

"ಆಯ್ತವ್ವಾ."

ಚೀಲ ಸುರಿದ, ಜರಡಿ ಹಿಡಿದ. ಮೇಲೆ ಮಂಡಕ್ಕಿ ಉಳಿಯಿತು. ಮೇಲೆ ಉಳಿದದ್ದನ್ನು ಏನು ಮಾಡಬೇಕು? ಚೆಲ್ಲಬೇಕು. ಎತ್ತಿ ರಸ್ತೆಗೆ ಚೆಲ್ಲಿದ. ಮತ್ತೆ ಹಿಡಿದ, ಮತ್ತೆ ಚೆಲ್ಲಿದ. ಬೀದಿ ಹಸುಗಳಿಗೆ ಅಂಥ ದಿನ ಮತ್ತೆ ಬಂದಿಲ್ಲ. ಸಂಜೆ ಗಿರಾಕಿ ಬಂದು ಒಗ್ಗರಣೆ ಮಂಡಕ್ಕಿ ಕೇಳಿದರೆ, ಹಾಲವ್ವ ಡಬ್ಬದ ಮುಚ್ಚಳ ತೆಗೆದಳು. ಒಳಗೆ ಒಂದೂವರೆ ಸೇರು ಮರಳು. ನುಣ್ಣಗೆ, ಶುದ್ಧವಾಗಿ, ಒಂದೂ ಮಂಡಕ್ಕಿ ಇಲ್ಲದ ಮರಳು.

"ಲೋ, ಇದೇನೋ?"

"ಕೆಳಗಿಳಿದದ್ದು ಕಣವ್ವಾ. ನೀನೇ ಇಟ್ಕೋ ಅಂದಿದ್ದಲ್ಲ."

ಗಿರಾಕಿ ನಗುತ್ತಾ ಹೋದ. ಹಾಲವ್ವ ಹಣೆ ಚಚ್ಚಿಕೊಂಡಳು.

"ಯಪ್ಪಾ, ಯಾವುದು ಬೇಕು ಯಾವುದು ಬೇಡ ಅಂತ ನಿಂಗೆ ತಿಳಿಯಾಕಿಲ್ಲ. ಇನ್ಮೇಲೆ ಎರಡರಾಗೆ ಯಾವುದು ಅಂತ ಗೊತ್ತಾಗದಿದ್ರೆ, ಎರಡನ್ನೂ ತಂದು ನನ್ನ ಮುಂದಿಡು. ನಾ ಆರಿಸ್ಕಂತೀನಿ."

"ಆಯ್ತವ್ವಾ. ಗೊತ್ತಾಗದಿದ್ರೆ ಎರಡನ್ನೂ ತರ್ತೀನಿ."

ಮಾರನೇ ದಿನ ಬೆಳಿಗ್ಗೆ ಅವನನ್ನು ಕಲ್ಮಠದ ಬೀದಿಗೆ ಕಳಿಸಿದಳು. "ಹಸಿರು ಬಾಗಿಲ ಮನೆ. ವಿಶಾಲಾಕ್ಷಿ ಟೀಚರು ಅಂತ. ವಯಸ್ಸಾದವರು, ಕನ್ನಡಕ ಹಾಕಿರ್ತಾರೆ. ಆಟೋದಾಗೆ ಕೂರಿಸ್ಕಂಡು ಕರಕಂಡು ಬಾ, ಸೋಪು ಮಾಡೋದು ತೋರಿಸ್ತಾರೆ."

ಹಸಿರು ಬಾಗಿಲ ಮುಂದೆ ಇಬ್ಬರು ನಿಂತು ಮಾತಾಡುತ್ತಿದ್ದರು. ಇಬ್ಬರಿಗೂ ವಯಸ್ಸಾಗಿತ್ತು. ಇಬ್ಬರೂ ಕನ್ನಡಕ ಹಾಕಿದ್ದರು. ಇಬ್ಬರಲ್ಲಿ ಯಾರು ಟೀಚರು ಅಂತ ಬಾಯಿಬಿಟ್ಟು ಕೇಳಬಹುದಿತ್ತು. ಕೇಳು ಅಂತ ಅವ್ವ ಹೇಳಿರಲಿಲ್ಲ.

ಅರ್ಧ ಗಂಟೆಗೆ ಹಾಲವ್ವನ ಮನೆ ಮುಂದೆ ಆಟೋ ನಿಂತಿತು. ಮೊದಲು ವಿಶಾಲಾಕ್ಷಿ ಟೀಚರು ಇಳಿದರು. ಅವರ ಹಿಂದೆ ಪಕ್ಕದ ಮನೆ ಅನಸೂಯಮ್ಮ ಇಳಿದರು, ಕೈಯಲ್ಲೊಂದು ಸ್ಟೀಲ್ ಬಟ್ಟಲು.

"ಇವರು ಯಾರು?" ಅಂದಳು ಹಾಲವ್ವ.

"ನಾನು ಹೆಪ್ಪಿಗೆ ಒಂದು ಚಮಚ ಮೊಸರು ಕೇಳೋಕೆ ಬಂದಿದ್ದೆ ಕಣಮ್ಮ" ಅಂದರು ಅನಸೂಯಮ್ಮ. "ಈ ಹುಡುಗ ಹತ್ತಿ ಹತ್ತಿ ಅಂದ. ಟೀಚರು ಹತ್ತಿದ್ರು, ನಾನೂ ಹತ್ತಿದೆ. ಒಲೆ ಮೇಲೆ ಹಾಲಿಟ್ಟು ಬಂದಿದೀನಿ."

"ಎರಡನ್ನೂ ತಂದಿದೀನವ್ವಾ" ಅಂದ ತಿಪ್ಪೇಶಿ. "ನಿಂಗೆ ಯಾವುದು ಬೇಕೋ ಆರಿಸ್ಕೋ."

ಟೀಚರು ಸೆರಗು ಬಾಯಿಗೆ ಹಿಡಿದು ನಕ್ಕರು. ಹಾಲವ್ವ ಮೊಸರು ಕೊಟ್ಟು ಅದೇ ಆಟೋದಲ್ಲಿ ಅನಸೂಯಮ್ಮನನ್ನು ವಾಪಸ್ ಕಳಿಸಿದಳು. ಬಯ್ಯೋಕೆ ಬಾಯಿ ತೆರೆದಳು. ಅಷ್ಟರಲ್ಲಿ ಟೀಚರು, "ಬಿಡಮ್ಮ, ಮೊದಲು ಕೆಲಸ" ಅಂದರು. ಆವತ್ತಿನ ಬುದ್ಧಿಮಾತು ಟೀಚರ ಬಾಯಿಂದಲೇ ಬಂತು.

ನಾನು ಕಾಲೇಜಲ್ಲಿ ಈ ವಿಷಯ ಓದಿದವನು. ಎಣ್ಣೆ, ಕ್ಷಾರ, ಸೋಪು ಅಂತ ಮೂರು ಸಲ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೇನೆ. ಸೋಪು ಮಾತ್ರ ಒಂದೂ ಮಾಡಿರಲಿಲ್ಲ. ಟೀಚರು ಮಾಡಿದವರು. ಒಂದು ಕಿಲೋ ಎಣ್ಣೆಗೆ ನೂರಮೂವತ್ತು ಗ್ರಾಂ ಕಾಸ್ಟಿಕ್ ಸೋಡಾ, ಮುನ್ನೂರು ಗ್ರಾಂ ನೀರು. ತಕ್ಕಡಿ ತಂದಿದ್ದರು. ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲಿಂದೇ ಬೇಕು ಅಂದರು. ಕೈಗೆ ರಬ್ಬರ್ ಗ್ಲೌಸು, ಮೂಗಿಗೆ ಬಟ್ಟೆ, ಬಯಲಲ್ಲಿ ಕೆಲಸ.

"ನೋಡಪ್ಪಾ ತಿಪ್ಪೇಶಿ, ಇದೊಂದು ಮಾತು ಪ್ರಾಣ ಹೋದ್ರೂ ಮರೀಬೇಡ. ನೀರಿಗೆ ಪುಡಿ ಹಾಕಬೇಕು. ಪುಡಿಗೆ ನೀರು ಹಾಕಬಾರದು. ಹಾಕಿದ್ರೆ ಉಕ್ಕಿ ಮುಖಕ್ಕೆ ಹಾರುತ್ತೆ, ಕಣ್ಣು ಹೋಗುತ್ತೆ."

"ಇಲ್ಲ ಟೀಚರ್ರೇ. ನೀರಿಗೆ ಪುಡಿ. ಪುಡಿಗೆ ನೀರಲ್ಲ. ಪ್ರಾಣ ಹೋದ್ರೂ ಮರೆಯಲ್ಲ."

ಟೀಚರೇ ನೀರಿಗೆ ಪುಡಿ ಹಾಕಿದರು. ನೀರು ಬೆಂಕಿ ಇಲ್ಲದೆ ಬಿಸಿಯಾಯಿತು. ಆರೋಕೆ ಒಂದೆರಡು ಗಂಟೆ ಬೇಕು ಅಂತ ದೂರದಲ್ಲಿ ಇಟ್ಟು, ಟೀಚರು ಕಾವಲು ಕೂತರು. ಹಾಲವ್ವ ಮೆಣಸಿನಕಾಯಿ ಸೀಳುತ್ತಾ ಕೂತಳು. ಸೀಳುತ್ತಾ ಕೂಗಿದಳು, "ತಿಪ್ಪೇಶಿ, ಸಂಜೆಗೆ ಕಡ್ಲೆಹಿಟ್ಟು ಕಲಸಿಡಲೇ. ಐದು ಕಿಲೋ."

ತಿಪ್ಪೇಶಿ ಹಿಟ್ಟಿನ ಡಬ್ಬ ನೋಡಿದ. ಹಿಟ್ಟು ಅಂದರೆ ಪುಡಿ. ಪುಡಿಗೆ ನೀರು ಹಾಕಬಾರದು, ಕಣ್ಣು ಹೋಗುತ್ತೆ. ನೀರಿಗೆ ಪುಡಿ ಹಾಕಬೇಕು. ನೀರು ಎಲ್ಲಿದೆ? ಮನೆ ಮುಂದೆ ನೀಲಿ ಡ್ರಮ್ಮಿದೆ. ಮೂರು ದಿನಕ್ಕೊಂದು ಸಲ ಬರುವ ನಲ್ಲಿ ನೀರು, ಕಂಠಮಟ್ಟ ತುಂಬಿದೆ. ತಿಪ್ಪೇಶಿ ಮೂಗಿಗೆ ಬಟ್ಟೆ ಕಟ್ಟಿಕೊಂಡ, ಕೈಗೆ ರಬ್ಬರ್ ಗ್ಲೌಸು ಹಾಕಿಕೊಂಡ, ಮುಖ ಪಕ್ಕಕ್ಕೆ ತಿರುಗಿಸಿಕೊಂಡ, ಐದು ಕಿಲೋ ಕಡ್ಲೆಹಿಟ್ಟನ್ನು ಡ್ರಮ್ಮಿಗೆ ಸುರಿದ.

ಅವತ್ತು ಸಂಜೆಯ ಮಿರ್ಚಿಗೆ ಅಂಗಿಯೇ ಇರಲಿಲ್ಲ. ಬತ್ತಲೆ ಮೆಣಸಿನಕಾಯಿ ಎಣ್ಣೆಯಲ್ಲಿ ಈಜಾಡಿತು.

ಡ್ರಮ್ಮು ನೋಡಿದ ಕೂಡಲೇ ಹಾಲವ್ವ ಕೂಗಿದ್ದಳು, "ಲೋ, ಹಿಟ್ಟಿಗೆ ನೀರು ಹಾಕ್ತಾರೋ, ನೀರಿಗೆ ಹಿಟ್ಟು ಹಾಕ್ತಾರೋ? ಪುಡಿ ಇಟ್ಕಂಡು ಅದಕ್ಕೆ ಸ್ವಲ್ಪ ಸ್ವಲ್ಪ ನೀರು..."

"ಹಾಲವ್ವಾ, ನಿಲ್ಲಿಸು" ಅಂತ ಟೀಚರು ಎದ್ದೇಬಿಟ್ಟರು. "ಆ ಮಾತು ವಾಪಸ್ ತಗೋ. ಇವನ ಮುಂದೆ ಅದನ್ನ ಆಡಲೇಬೇಡ."

"ತಪ್ಪಾಯ್ತು ಟೀಚರ್ರೇ. ಲೇ ತಿಪ್ಪೇಶಿ, ನಾನೇನೂ ಹೇಳಿಲ್ಲ."

"ಆಯ್ತವ್ವಾ. ನೀನೇನೂ ಹೇಳಿಲ್ಲ."

ಟೀಚರು ಉಳಿದ ಕಾಸ್ಟಿಕ್ ಸೋಡಾ ಡಬ್ಬಿಯನ್ನು ತಮ್ಮ ಬ್ಯಾಗಿಗೆ ಹಾಕಿ ಜಿಪ್ ಎಳೆದರು. ಓದಿದವರ ಬುದ್ಧಿ ಅಂದರೆ ಅದು.

ಆರಿದ ಮೇಲೆ ಕ್ಷಾರದ ನೀರನ್ನು ಎಣ್ಣೆಗೆ ಸುರಿದರು. ಇನ್ನು ತಿರುವುವ ಕೆಲಸ. ಟೀಚರ ಕೈ ಹತ್ತು ನಿಮಿಷಕ್ಕೆ ಸೋತಿತು. ಹಾಲವ್ವನ ಕೈ ಇಪ್ಪತ್ತು ನಿಮಿಷಕ್ಕೆ. ಸೌಟು ತಿಪ್ಪೇಶಿ ಕೈಗೆ ಬಂತು.

"ಒಂದೇ ದಿಕ್ಕಿಗೆ ತಿರುವು. ಹೋಗ್ತಾ ಇರಬೇಕು, ನಿಲ್ಲಬಾರದು. ಅಪ್ಪಿತಪ್ಪಿಯೂ ಹಿಂದಕ್ಕೆ ತಿರುಗಬಾರದು. ನಾನು ಸಾಕು ಅನ್ನೋವರೆಗೆ" ಅಂದರು ಟೀಚರು.

ತಿರುವಿದ ನೋಡಿ. ನೊಣ ಮೂಗಿನ ಮೇಲೆ ಕೂತರೂ ತಿರುವಿದ. ಟೀಚರು ಕಾಫಿ ಕುಡಿದರು, ತಿರುವಿದ. ಹಾಲವ್ವ ಗಾಡಿಗೆ ಹೋಗಿ ಬಂದಳು, ತಿರುವುತ್ತಿದ್ದ. ಎಣ್ಣೆ ಬೆಳ್ಳಗಾಯಿತು, ಗಟ್ಟಿಯಾಯಿತು, ಇಡ್ಲಿ ಹಿಟ್ಟಿನ ಹಾಗಾಗಿ ಸೌಟು ಎಳೆದ ಗೆರೆ ಅದರ ಮೇಲೆ ಉಳಿಯಿತು. "ಸಾಕು" ಅಂದರು ಟೀಚರು. ಲೋಕದಲ್ಲಿ ತಿಪ್ಪೇಶಿಗೆಂದೇ ಒಂದು ಕೆಲಸ ಇತ್ತು, ಅವತ್ತು ಸಿಕ್ಕಿತು. ಹಾಲವ್ವ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಮಗನ ಬೆನ್ನು ಸವರಿದಳು.

ದ್ರಾಕ್ಷಿ ತುಂಬಿ ಬರುವ ಮರದ ಪೆಟ್ಟಿಗೆಗೆ ಪ್ಲಾಸ್ಟಿಕ್ ಹಾಸಿ ಸುರಿದರು. ಮಾರನೇ ದಿನ ಗಟ್ಟಿಯಾಗಿತ್ತು. ದಾರ ಹಿಡಿದು ಕುಯ್ದರು. ಇಪ್ಪತ್ತೆಂಟು ತುಂಡು. ಬೆಣ್ಣೆ ಬಣ್ಣ. ಮೂಸಿ ನೋಡಿದರೆ ಎಲ್ಲೋ ದೂರದಲ್ಲಿ ಮಿರ್ಚಿ ವಾಸನೆ. "ಇದನ್ನ ನೆರಳಲ್ಲಿ, ಗಾಳಿ ಆಡೋ ಕಡೆ ನಾಲ್ಕು ವಾರ ಇಡಬೇಕು. ಅಲ್ಲೀವರೆಗೆ ಖಾರ ಇರುತ್ತೆ, ಕೈ ಉರಿಯುತ್ತೆ. ಯಾರೂ ಮುಟ್ಟಬೇಡಿ" ಅಂತ ಹೇಳಿ ಟೀಚರು ಮಗಳ ಊರಿಗೆ, ಬಾಣಂತನಕ್ಕೆ ಹೋದರು.

ಈಗ ಕೊಟ್ರಪ್ಪನ ಡಬ್ಬ ವಾಪಸ್ ಕೊಡಬೇಕು. "ಹೋಗಿ ಕೊಟ್ರಪ್ಪನ ಹೋಟೆಲಿಗೆ ಡಬ್ಬ ಕೊಡು" ಅಂದಳು ಹಾಲವ್ವ.

ತಿಪ್ಪೇಶಿ ಹೋದ. ಡಬ್ಬ ಕೊಟ್ಟ. ತಿರುಗಿ ಬರಬೇಕು ಅಂತ ಕಾಲೆತ್ತಿದ. ಟೀಚರ ಮಾತು ನೆನಪಾಯಿತು. ಒಂದೇ ದಿಕ್ಕು. ನಿಲ್ಲಬಾರದು. ಹಿಂದಕ್ಕೆ ತಿರುಗಬಾರದು. ಸಾಕು ಅನ್ನೋರು ಊರಲ್ಲೇ ಇಲ್ಲ. ಹೋಟೆಲು ದಾಟಿದ, ಪೆಟ್ರೋಲ್ ಬಂಕು ದಾಟಿದ, ಊರು ದಾಟಿದ. ಮಧ್ಯಾಹ್ನ ಆಯಿತು, ಸಂಜೆ ಆಯಿತು. ಹಾಲವ್ವ ಗಾಡಿ ಬಿಟ್ಟು ಬೀದಿ ಬೀದಿ ಸುತ್ತಿದಳು.

ದೀಪ ಹಚ್ಚುವ ಹೊತ್ತಿಗೆ ಒಂದು ಬಸ್ಸು ಗಾಡಿ ಮುಂದೆ ನಿಂತಿತು. ಕಂಡಕ್ಟರು ತಿಪ್ಪೇಶಿಯನ್ನು ರೆಟ್ಟೆ ಹಿಡಿದು ಇಳಿಸಿದ.

"ಹಾಲವ್ವಾ, ಇಪ್ಪತ್ತು ಕಿಲೋಮೀಟರ್ ಆಚೆ ಸಿಕ್ಕಿದ. ಹತ್ತಿಸ್ಕಂಡು ಬಂದೆ. ದಾರಿಯುದ್ದಕ್ಕೂ ಬಸ್ಸಿನ ಹಿಂದಿನ ಗಾಜಿಗೆ ಮುಖ ಮಾಡಿ ನಿಂತಿದ್ದ ಮಾರಾಯ್ತಿ. ಸೀಟು ಖಾಲಿ ಇತ್ತು, ಕೂತ್ಕೋ ಅಂದ್ರೆ, ಮುಖ ತಿರುಗುತ್ತೆ, ಸೋಪು ಕೆಡುತ್ತೆ ಅಂತಾನೆ. ಏನದು?"

ಹಾಲವ್ವನಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ಒಟ್ಟಿಗೆ ಮಾಡಿದಳು.

"ನೀ ಕಳೆದೇ ಹೋದ್ಯೇನೋ ಅಂತ ಎದೆ ಒಡೆದಿತ್ತಲ್ಲೋ. ಕೇಳಿಸ್ಕೋ. ಹೋದದ್ದು ಅಂದ್ಮೇಲೆ, ಎಲ್ಲಿಂದ ಹೋಯ್ತೋ ಅಲ್ಲಿಗೇ ವಾಪಸ್ ಬರಬೇಕು. ಎಷ್ಟು ದೂರ ಹೋಗಿರಲಿ, ಏನೇ ಆಗಿರಲಿ. ತಿಳೀತಾ?"

"ತಿಳೀತವ್ವಾ. ಎಲ್ಲಿಂದ ಹೋಯ್ತೋ ಅಲ್ಲಿಗೇ ವಾಪಸ್. ಏನೇ ಆಗಿರಲಿ."

ಆಮೇಲೆ ನಾಲ್ಕು ವಾರ ಊರಿಗೆ ಸುಖ. ತಿಪ್ಪೇಶಿಗೆ ಇದ್ದ ಕೆಲಸ ಒಂದೇ, ಸೋಪು ಮುಟ್ಟದೆ ಇರುವುದು. ಮುಟ್ಟಲಿಲ್ಲ. ಮೊಣಕಾಲಿಗೆ ಕೈ ಕಟ್ಟಿ ಸೋಪಿನ ಮುಂದೆ ಕೂತಿರುತ್ತಿದ್ದ. ಬೆಕ್ಕು ಬಂದರೆ ಓಡಿಸುತ್ತಿದ್ದ. ಹಾಲವ್ವ ಬೆಳಿಗ್ಗೆ ಸಂಜೆ ಅನ್ನುತ್ತಿದ್ದ ಮಾತನ್ನೂ ಮರೆತಳು. ನಾಲ್ಕು ವಾರ ಕಳೆದ ಮೇಲೆ ಒಂದು ತುಂಡು ತಗೊಂಡು ತನ್ನ ಕೈ ತೊಳೆದು ನೋಡಿದಳು. ಉರಿ ಇಲ್ಲ, ನೊರೆ ಬಂತು, ಜಿಡ್ಡು ಹೋಯಿತು. ಉಳಿದ ಇಪ್ಪತ್ತೇಳನ್ನು ಹಳೇ ಪೇಪರಲ್ಲಿ ಸುತ್ತಿ ಗಾಡಿಯ ಕೆಳಗಿನ ಹಲಗೆ ಮೇಲೆ ಜೋಡಿಸಿಟ್ಟಳು.

ಹೇಳಿದ ದಿನಕ್ಕೆ ಸರಿಯಾಗಿ ರೇವಣಸಿದ್ದಪ್ಪನವರು ಬಂದರು. ಬೈಕು ತಳ್ಳಿಕೊಂಡು ಬಂದರು. ದಾರಿಯಲ್ಲಿ ಚೈನು ಕಳಚಿತ್ತು, ಎರಡು ಕೈಯೂ ಮಸಿ, ಗ್ರೀಸು. ಜೇಬಿನಲ್ಲಿ ಗಾಡಿ ಎತ್ತಿಸುವ ನೋಟಿಸು ಇಣುಕುತ್ತಿತ್ತು.

"ನೋಡು ಹಾಲವ್ವಾ. ಪರೀಕ್ಷೆಗೆ ಇದಕ್ಕಿಂತ ಜಿಡ್ಡು ಬೇಕಾ? ಕೊಡು ನಿನ್ನ ಸೋಪು. ಕೈ ತೊಳೆದು ಒಂದು ಪ್ಲೇಟು ಬಿಸಿ ಮಿರ್ಚಿ ತಿಂದು ಹೋಗ್ತೀನಿ."

ಹಾಲವ್ವ ಅವತ್ತು ಸಾಹೇಬರು ಬರುತ್ತಾರೆ ಅಂತ ಹಳೇ ಎಣ್ಣೆ ತೆಗೆದು, ಬಾಣಲೆಯ ಕಪ್ಪು ಬಿಡಿಸೋಕೆ ಅದರಲ್ಲಿ ನೀರು ಕುದಿಯಲಿಟ್ಟಿದ್ದಳು. ಹೊಸ ಎಣ್ಣೆ ಪ್ಯಾಕೆಟ್ಟು ನಾಲ್ಕಂಗಡಿ ಆಚೆ.

"ಒಂದೇ ನಿಮಿಷ ಸಾಹೇಬ್ರೆ, ಎಣ್ಣೆ ತಂದುಬಿಡ್ತೀನಿ. ತಿಪ್ಪೇಶಿ, ಸಾಹೇಬ್ರಿಗೆ ಸೋಪು ಕೊಡು. ಹಿಟ್ಟು ಕಲಸಿಟ್ಟಿದೀನಿ, ಎಣ್ಣೆ ಬಂದ ಕೂಡಲೇ ಮಿರ್ಚಿ ಬಿಡು."

ಓಡಿದಳು. ತಿಪ್ಪೇಶಿ ಬಗ್ಗಿ ಹಲಗೆಯಿಂದ ಒಂದು ಸೋಪು ತೆಗೆದ. ಪೇಪರು ಬಿಚ್ಚಿದ. ಕೊಡೋಕೆ ಕೈ ಚಾಚಿದ. ಅಷ್ಟರಲ್ಲಿ ಸಾಹೇಬರಿಗೆ ಬಾಣಲೆ ಕಣ್ಣಿಗೆ ಬಿತ್ತು.

"ಇದೇನಪ್ಪಾ, ಬಾಣಲೇಲಿ ಬರೀ ನೀರು? ಎಣ್ಣೆ ಎಲ್ಲಿ ಹೋಯ್ತು?"

"ಎಣ್ಣೆ ಸೋಪಿಗೆ ಹೋಯ್ತು ಸಾಹೇಬ್ರೆ."

ಅಂದ. ಅಂದವನು ಹಾಗೇ ನಿಂತ. ಹೋಯ್ತು. ಎಲ್ಲಿಂದ ಹೋಯ್ತು? ಬಾಣಲೆಯಿಂದ. ಹೋದದ್ದು ಏನಾಗಬೇಕು? ಎಲ್ಲಿಂದ ಹೋಯ್ತೋ ಅಲ್ಲಿಗೇ ವಾಪಸ್ ಬರಬೇಕು. ಎಷ್ಟು ದೂರ ಹೋಗಿರಲಿ. ಏನೇ ಆಗಿರಲಿ.

ಸಾಹೇಬರು ಬೈಕಿನ ಚೈನು ನೋಡೋಕೆ ತಿರುಗಿದರು. ಹಿಂದೆ ಪುಳಕ್ ಅಂತ ಸದ್ದಾಯಿತು. ಆಮೇಲೆ ಇನ್ನೊಂದು ಪುಳಕ್. ಒಂದೊಂದಾಗಿ ಪೇಪರು ಬಿಚ್ಚಿದ, ಒಂದೊಂದಾಗಿ ಹಾಕಿದ. ಇಪ್ಪತ್ತೇಳೂ ಹಾಕಿದ. ಸೌಟು ತಗೊಂಡು ಒಂದೇ ದಿಕ್ಕಿಗೆ ತಿರುವಿದ, ಹಿಂದಕ್ಕೆ ತಿರುಗಲಿಲ್ಲ. ತಿರುವಿ ದಣಿಯದ ಕೈ ಅದು. ಬಾಣಲೆ ಬೆಳ್ಳಗಾಯಿತು. ಎಣ್ಣೆ ಬಂತು ಅಂದುಕೊಂಡ. ಎಣ್ಣೆ ಬಂದ ಕೂಡಲೇ ಏನು? ಮಿರ್ಚಿ. ಹಿಟ್ಟಲ್ಲಿ ಅದ್ದಿ ಹತ್ತು ಮಿರ್ಚಿ ಬಿಟ್ಟ.

ನೊರೆ ಎದ್ದಿತು. ಮೊದಲು ಬಾಣಲೆಯ ಅಂಚಿಗೆ, ಆಮೇಲೆ ತಿಪ್ಪೇಶಿಯ ಎದೆಮಟ್ಟ. ನೊರೆಯ ನೆತ್ತಿ ಮೇಲೆ ಒಂದು ಮಿರ್ಚಿ ಕೂತಿತ್ತು.

"ಲೋ, ಏನಿದು?" ಅಂದರು ಸಾಹೇಬರು.

"ಹಳೇ ಎಣ್ಣೆ ಸಾಹೇಬ್ರೆ. ವಾಪಸ್ ಬರ್ತಾ ಐತೆ."

ಬಂದೇ ಬಂತು. ಗಾಡಿಯ ಹಲಗೆ ತುಂಬಿ, ಚಕ್ರದ ಮೇಲೆ ಇಳಿದು, ನೆಲಕ್ಕೆ ಬಿದ್ದು, ಬಿಸಿ ಸೋಪಿನ ನೀರೆಲ್ಲ ಇಳಿಜಾರು ಹಿಡಿದು ನೇರ ಚರಂಡಿಗೆ ಹೊರಟಿತು. ಮಂಡಕ್ಕಿ ಡಬ್ಬ ತೇಲಿ ಬೀಳುವುದರಲ್ಲಿತ್ತು. ಸಾಹೇಬರು ಬಲಗೈ ಚಾಚಿ ಹಿಡಿದರು. ಮೊಣಕೈವರೆಗೆ ನೊರೆ.

ಎಣ್ಣೆ ಪ್ಯಾಕೆಟ್ಟು ಹಿಡಿದು ಹಾಲವ್ವ ಬಂದಳು. ನೋಡಿದಳು. ಸೋಪಿಲ್ಲ. ನೊರೆ ಇದೆ. ನೊರೆ ಚರಂಡಿಗೆ ಹೋಗುತ್ತಿದೆ. ಚರಂಡಿಯ ಪಕ್ಕ ಸಾಹೇಬರು, ಅವರ ಜೇಬಲ್ಲಿ ನೋಟಿಸು. ಪ್ಯಾಕೆಟ್ಟು ಎದೆಗವುಚಿಕೊಂಡು ಕಲ್ಲುಬೆಂಚಿನ ಮೇಲೆ ಕೂತಳು.

"ಅವ್ವಾ" ಅಂದ ತಿಪ್ಪೇಶಿ, "ಮಿರ್ಚಿ ಕೆಂಪಗೇ ಆಗ್ತಿಲ್ಲ."

ಹಾಲವ್ವ ಬಾಯಿ ತೆರೆದಳು. ಬುದ್ಧಿ ಹೇಳಬೇಕು. ಏನಂತ ಹೇಳಬೇಕು? ಇದುವರೆಗೆ ಹೇಳಿದ ಬುದ್ಧಿಯೆಲ್ಲ ಅವಳ ಕಣ್ಣ ಮುಂದೆ ನೊರೆಯಾಗಿ ಹರಿಯುತ್ತಿತ್ತು. ತಿಪ್ಪೇಶಿ ಸೌಟು ಹಿಡಿದು ಕಾಯುತ್ತಲೇ ಇದ್ದ.

ಆಗ ಗುಳುಗುಳು ಅಂತ ಸದ್ದಾಯಿತು.

ಮೂರು ವರ್ಷದ ಜಿಡ್ಡು, ಕೋಲು ನೆಟ್ಟರೆ ನಿಲ್ಲುವ ಜಿಡ್ಡು, ಬಿಸಿ ಸೋಪಿನ ನೀರಿಗೆ ಮೆತ್ತಗಾಗಿ ತಳ ಬಿಟ್ಟಿತು. ಒಂದು ಸಲ ಬುಳಕ್ ಅಂದಿತು, ಚರಂಡಿ ಹರಿಯಿತು. ಜನ ಬಸ್ಸಿನಿಂದ ಇಳಿದು ನೋಡಿದರು. ಚರಂಡಿ ಹರಿಯೋದನ್ನು ನೋಡೋಕೆ ಬಸ್ಸಿಳಿದವರು ನಮ್ಮೂರ ಜನ ಮಾತ್ರ ಇರಬೇಕು.

ರೇವಣಸಿದ್ದಪ್ಪನವರು ಬಗ್ಗಿ ಚರಂಡಿ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು. ಎಡಗೈ ಕಪ್ಪಗೆ, ಗ್ರೀಸು ಹಾಗೇ ಇತ್ತು. ಬಲಗೈ ಮದುವೆ ಗಂಡಿನ ಕೈ ಹಾಗೆ. ಎಡಗೈಯನ್ನೂ ಚಕ್ರದ ಮೇಲಿನ ನೊರೆಗೆ ಒಡ್ಡಿ ಉಜ್ಜಿದರು, ಹಾಲವ್ವನ ಕೊಡದಿಂದ ನೀರು ಹಾಕಿಕೊಂಡು ತೊಳೆದರು. ತೊಳೆದ ಕೈಯಿಂದಲೇ ನೋಟಿಸು ತೆಗೆದು ನಾಲ್ಕು ಮಡಿಕೆ ಮಾಡಿದರು, ಬೈಕಿನ ಚೈನು ಒರೆಸಿದರು.

"ಗಾಡಿ ಇಲ್ಲೇ ಇರಲಿ ಹಾಲವ್ವಾ" ಅಂದರು. "ಎಣ್ಣೆ ಸೋಪಿಗೇ ಹೋಗಲಿ. ಆದ್ರೆ ಒಂದು ಮಾತು. ಇನ್ಮೇಲೆ ನಿನ್ನ ಮಗ ಮಿರ್ಚಿ ಬಿಡಂಗಿಲ್ಲ."

"ಆಯ್ತು ಸಾಹೇಬ್ರೆ" ಅಂದಳು ಹಾಲವ್ವ.

"ಆಯ್ತು ಸಾಹೇಬ್ರೆ" ಅಂದ ತಿಪ್ಪೇಶಿ. "ಇನ್ಮೇಲೆ ಹಂಗೇ ಮಾಡ್ತೀನಿ."

ಮಾತು ಅಂದರೆ ಮಾತು. ಅವತ್ತಿಂದ ತಿಪ್ಪೇಶಿ ಒಂದು ಮಿರ್ಚಿಯನ್ನೂ ಮುಟ್ಟಿಲ್ಲ. ಎರಡನೇ ಸಲದ ಸೋಪು ಹದಕ್ಕೆ ಬಂದ ದಿನ, ಹಾಲವ್ವ ನೀರಿಗೆ ಅಂತ ನಲ್ಲಿಗೆ ಹೋಗಿದ್ದಾಗ, ಅವನು ಆ ಸೋಪನ್ನೂ ಬಾಣಲೆಗೆ ವಾಪಸ್ ಹಾಕಿ ಬಿಟ್ಟದ್ದು ಬೋಂಡಾ.

ಅದಕ್ಕೇ ನಮ್ಮೂರ ಆ ಚರಂಡಿ ಇವತ್ತಿಗೂ ಹರೀತಾ ಇದೆ. ಏಳಿ, ಕೈ ತೊಳೆದುಕೊಂಡು ಊಟಕ್ಕೆ ಕೂರಿ.